ಮಲಪ್ರಭೆಗೆ ಹೊರಟ ಕುದುರೆ

"ಅತ್ತೆ, ಕುದುರೆ ಇಲ್ಲ."

ಬೆಂಚಿನ ಮೇಲೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತಿದ್ದ ನೀಲಾವತಿ ತಲೆಯೆತ್ತಿದರು. ಹತ್ತು ಮಾರು ಆಚೆ, ಹಳೆಯ ಕಲ್ಲುತೊಟ್ಟಿಯ ಬಳಿ ಅವರ ತಮ್ಮನ ಮಗಳು ನಮಿತಾ ನಿಂತಿದ್ದಳು. ಒಂದು ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ, ಇನ್ನೊಂದರಲ್ಲಿ ಅದರ ಮುಚ್ಚಳ.

ಭಾನುವಾರ, ಬೆಳಗಿನ ಏಳು ಗಂಟೆ. ವಿಲೆ ಪಾರ್ಲೆಯ ಆ ಸಣ್ಣ ಉದ್ಯಾನದಲ್ಲಿ ಫೆಬ್ರುವರಿಯ ಮಂಜು ಇನ್ನೂ ಕರಗಿರಲಿಲ್ಲ. ಮರಗಳಿಗೆ ಬುಡವಿತ್ತು, ತಲೆ ಇರಲಿಲ್ಲ. ಮೇಲೆಲ್ಲೋ ಒಂದು ವಿಮಾನ ಇಳಿಯುತ್ತಿತ್ತು. ಸದ್ದು ಮಾತ್ರ ಕೇಳಿಸಿ, ವಿಮಾನ ಕಾಣದೆ, ನಿದ್ದೆಯಲ್ಲಿ ಯಾರೋ ಪಕ್ಕದಲ್ಲೇ ಹಾದುಹೋದಂತಾಯಿತು.

"ಸರಿಯಾಗಿ ನೋಡಿದಿಯಾ ಮಾರಾಯ್ತಿ?"

"ನೋಡ್ದೆ ಅತ್ತೆ. ಬುಕ್ ಉಂಟು, ಪೆನ್ಸಿಲ್ ಉಂಟು. ಒಂದು ಬಟ್ಟೆಯ ಗಂಟು ಉಂಟು, ಅದು ಯಾರದ್ದು ಗೊತ್ತಿಲ್ಲ. ಕುದುರೆ ಮಾತ್ರ ಗಾಯಬ್."

ನೀಲಾವತಿ ಎದ್ದು ಬಂದರು. ಡಬ್ಬಿಯೊಳಗೆ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ, ಕಿತ್ತಳೆಯಷ್ಟು ದಪ್ಪದ ಗಂಟೊಂದಿತ್ತು. ಬಟ್ಟೆ ತೇವವಾಗಿತ್ತು. ಅವರು ಕೈ ಚಾಚಿದರು.

"ಬಿಡಿ ಅತ್ತೆ, ಗಂದಾ ಇರ್ಬೇಕು," ಎಂದಳು ನಮಿತಾ.

ನೀಲಾವತಿ ಕೈ ಹಿಂದೆಗೆದುಕೊಂಡರು. ಅರವತ್ತನಾಲ್ಕರ ಆ ಹೆಂಗಸು ಮೂವತ್ತು ವರ್ಷ ರೈಲ್ವೆಯಲ್ಲಿ, ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೋಕಲ್‌ಗಳಲ್ಲಿ ಜನ ಬಿಟ್ಟುಹೋದ ಕೊಡೆ, ತಬಲಾ, ಹಲ್ಲಿನ ಸೆಟ್ಟು, ಒಮ್ಮೆ ಮದುವೆಯ ಸೀರೆ — ಎಲ್ಲ ಅವರ ಕೈ ದಾಟಿ ಹೋಗಿದ್ದವು. ವಸ್ತು ನನ್ನದೆಂದು ಬಂದವರಲ್ಲಿ ನಿಜವಾದವರು ಯಾರು, ಸುಳ್ಳರು ಯಾರು ಎಂದು ಗುರುತಿಸುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ತಾವಿದ್ದ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಈಗಲೂ ಮೊದಲು ಅವರನ್ನೇ ಕರೆಯುತ್ತಿದ್ದರು.

ಈ ಸಲ ಕಳೆದದ್ದು ಹಿತ್ತಾಳೆಯ ಒಂದು ಬಿಲ್ಲೆ. ಹಳೆಯ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಒಂದು ಮುಖದಲ್ಲಿ ತಲೆ ತಗ್ಗಿಸಿ ನೀರು ಕುಡಿಯುತ್ತಿರುವ ಕುದುರೆ. ಇನ್ನೊಂದು ಮುಖದಲ್ಲಿ ಅಡ್ಡಡ್ಡ ಇಟ್ಟ ಎರಡು ಭರ್ಜಿ, ಕೆಳಗೆ ಆರಕ್ಷರದ ಗುರುತು ಸಂಖ್ಯೆ, ಸುತ್ತಲೂ 'ನನ್ನನ್ನು ಮಲಪ್ರಭೆಗೆ ಮುಟ್ಟಿಸಿ' ಎಂಬ ಅರ್ಥದ ಇಂಗ್ಲಿಷ್ ಸಾಲು.

ಲೋಕದ ಊರೂರುಗಳಲ್ಲಿ ಡಬ್ಬಿ ಅಡಗಿಸಿಡುವುದು, ಫೋನಿನ ನಕ್ಷೆ ಹಿಡಿದು ಬೇರೆಯವರು ಅದನ್ನು ಹುಡುಕುವುದು — ಹೀಗೊಂದು ಆಟವಿದೆಯೆಂದು ನಮಿತಾ ಅತ್ತೆಗೆ ವಿವರಿಸಿದ್ದಳು. ಕೆಲವು ಡಬ್ಬಿಗಳಲ್ಲಿ ಪ್ರಯಾಣದ ಬಿಲ್ಲೆಗಳಿರುತ್ತವೆ. ಸಿಕ್ಕವರು ಅದನ್ನು ಮುಂದಿನ ಊರಿನ ಡಬ್ಬಿಗೆ ಒಯ್ದು ಹಾಕಬೇಕು. ಪ್ರತಿ ಬಿಲ್ಲೆಗೂ ಅಂತರ್ಜಾಲದಲ್ಲಿ ಒಂದು ಪುಟ. ಯಾರ ಕೈಯಲ್ಲಿದೆ, ಎಲ್ಲಿಗೆ ಹೋಯಿತು, ಎಲ್ಲ ಅಲ್ಲಿ ಬರೆಯುತ್ತಾರೆ.

ಈ ಬಿಲ್ಲೆಯನ್ನು ಹೊರಡಿಸಿದವರು ವೇಲ್ಸಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಆಕೆಯ ಅಜ್ಜ ಮಲಪ್ರಭಾ ರಿಸಾಲೆ ಎಂಬ ಕುದುರೆ ದಳದಲ್ಲಿ ಪಶುವೈದ್ಯನಾಗಿದ್ದ. ಮೊದಲ ಮಹಾಯುದ್ಧಕ್ಕೆ ಆ ದಳ ಮುಂಬಯಿಯ ಬಂದರಿನಿಂದ ಹಡಗೇರಿ ಮರುಭೂಮಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಸವಾರರು ಮರಳಿದರು. ಕುದುರೆಗಳಿಗೆ ಹಡಗಿನಲ್ಲಿ ಜಾಗವಾಗಲಿಲ್ಲ. ಆ ಕುದುರೆಗಳಲ್ಲಿ ಒಂದಾದರೂ ಮನೆಗೆ ಹೋಗಲಿ ಎಂದು ಮುದುಕಿ ಬಿಲ್ಲೆ ಮಾಡಿಸಿ, ಒಂಬತ್ತು ವರ್ಷದ ಕೆಳಗೆ ಈಜಿಪ್ಟಿನ ಒಂದು ಡಬ್ಬಿಯಲ್ಲಿ ಇಟ್ಟಳು. ಕುದುರೆ ದಾರಿ ತಪ್ಪಿ ಹಿಮದ ನಾಡುಗಳನ್ನೆಲ್ಲ ಸುತ್ತಿತು. ಕೊನೆಗೆ ಮೊಂಬಾಸಾದಲ್ಲಿ ಒಬ್ಬ ಹಡಗಿನ ಅಡುಗೆಯವನ ಕೈಗೆ ಸಿಕ್ಕಿತು.

ಆ ಅಡುಗೆಯವನು ಶೇಖರ. ನೀಲಾವತಿಯ ತಮ್ಮ, ನಮಿತಾಳ ಅಪ್ಪ.

ಆಟ ಕಲಿಸಿದ್ದು ಮಗಳೇ. ಹೋದ ಬಂದರಿನಲ್ಲೆಲ್ಲ ಡಬ್ಬಿ ಹುಡುಕಿ ಅವನು ಫೋಟೋ ಕಳಿಸುತ್ತಿದ್ದ. ಮಲಪ್ರಭೆ ಎಂಬ ಹೆಸರು ಓದಿದಾಗ ಕನ್ನಡದವನಿಗೆ ಬೇರೆ ನಕ್ಷೆ ಬೇಕಾಗಲಿಲ್ಲ. ಕುದುರೆಯನ್ನು ಮುಂಬಯಿಗೆ ತಂದ. ಮಲಾಡಿನ ಮನೆಗೆ ಬಂದ ಹನ್ನೆರಡನೇ ದಿನ, ಮಧ್ಯಾಹ್ನದ ಊಟವಾಗಿ ಮಲಗಿದವನು ಏಳಲಿಲ್ಲ. ಅದಾಗಿ ಹತ್ತು ತಿಂಗಳು.

"ನಮಿತಾ, ಒಂದು ಕೇಳುತ್ತೇನೆ," ಎಂದರು ನೀಲಾವತಿ. "ಕೊನೆಯ ಸಲ ಹಿಡಿದಾಗ ಅದು ಕೈಗೆ ಹೇಗಿತ್ತು?"

"ಹೇಗೆ ಅಂದ್ರೆ?"

"ಸುಮ್ಮನೆ. ನನ್ನ ಕೋಣೆಗೆ ಬಂದವರನ್ನೆಲ್ಲ ಹೀಗೇ ಕೇಳುತ್ತಿದ್ದೆ."

"ಥಂಡಾ ಇತ್ತು," ಎಂದಳು ನಮಿತಾ. "ಒದ್ದೆ ಒದ್ದೆ."

ಅಷ್ಟರಲ್ಲಿ ಗೇಟಿನ ಕಡೆಯಿಂದ ಪ್ರಶಾಂತ ಬಂದ. ಜೋಗೇಶ್ವರಿಯಲ್ಲಿ ಅವನದೊಂದು ಉಡುಪಿ ಹೋಟೆಲು. ನಮಿತಾಳಂತೆ ಅವನಿಗೂ ಡಬ್ಬಿ ಹುಡುಕುವ ಹುಚ್ಚು. ಗಲ್ಲಾದ ಹಿಂದಿನ ಗಾಜಿನ ಕಪಾಟಿನಲ್ಲಿ ಹಳೆಯ ನಾಣ್ಯಗಳನ್ನು ಜೋಡಿಸಿಟ್ಟಿದ್ದ. ಆ ಮಧ್ಯಾಹ್ನ ಅವನು ಕಾರಿನಲ್ಲಿ ಹುಬ್ಬಳ್ಳಿಗೆ ಒಂದು ಮದುವೆಗೆ ಹೊರಟಿದ್ದ. ದಾರಿಯಲ್ಲಿ ಕುದುರೆಯನ್ನು ಮಲಪ್ರಭೆಗೆ ಮುಟ್ಟಿಸುವುದು ಅವನ ಹೊಣೆ ಎಂದು ಮಾತಾಗಿತ್ತು.

"ಎಂತ, ಸಿಕ್ಕಿತಾ?" ಎಂದ ಬರುತ್ತಲೇ.

ನಮಿತಾ ಇಲ್ಲವೆಂದು ತಲೆಯಾಡಿಸಿದಳು.

"ನಾನು ನಿನ್ನೆಯೇ ಹೇಳಿದೆನಲ್ಲ," ಎಂದು ಅವನು ನೀಲಾವತಿಯ ಕಡೆ ತಿರುಗಿದ. "ನೀಲಕ್ಕ, ನಿನ್ನೆ ಸಂಜೆ ಐದಕ್ಕೆ ಈ ಕಡೆ ಬಂದಿದ್ದೆ. ಡಬ್ಬಿ ತೆಗೆದರೆ ಕುದುರೆ ಇಲ್ಲ, ಈ ಗಂಟು ಮಾತ್ರ. ಇವಳು ಇನ್ನೂ ಇಟ್ಟೇ ಇಲ್ಲವೋ ಏನೋ ಅಂತ ಮೆಸೇಜ್ ಹಾಕಿದೆ."

"ಗುರುವಾರ ಇಟ್ಟಿದ್ದೆ," ಎಂದಳು ನಮಿತಾ. "ಫೋಟೋ ಹಾಕಿದ್ದೇನಲ್ಲ ಗ್ರೂಪಲ್ಲಿ."

ಪ್ರಶಾಂತ ಫೋನು ತೆರೆದು ತೋರಿಸಿದ. ತೊಟ್ಟಿಯ ಅಂಚಿನ ಮೇಲೆ ಬಿಲ್ಲೆ, ಅದರ ಹಿಂದೆ ತೆರೆದ ಡಬ್ಬಿ. ಕುದುರೆಯ ಬೆನ್ನು ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಗುರುವಾರ, ಮಧ್ಯಾಹ್ನ ಹನ್ನೆರಡೂವರೆ.

ಟಾಂಗಾಗಳ ಕಾಲದಲ್ಲಿ ಯಾರೋ ದಾನಿಗಳು ಕುದುರೆಗಳಿಗೆಂದು ಕಟ್ಟಿಸಿದ ತೊಟ್ಟಿ ಅದು. ಈಗ ನೀರಿಲ್ಲ, ತಳದಲ್ಲಿ ಧೂಳು ಮತ್ತು ಒಣ ಎಲೆ. ಡಬ್ಬಿಯನ್ನು ಅದರ ಹಿಂದಿನ ಕಲ್ಲಿನ ಸಂದಿಯಲ್ಲಿ ಇಡುತ್ತಿದ್ದರು.

"ಗಂಟು ಯಾರದ್ದು?" ಎಂದು ನೀಲಾವತಿ ಕೇಳಿದರು.

"ನಂದು ತಂಗೀ."

ಉದ್ಯಾನದ ಮಾಲಿ ಕಾಶಪ್ಪನ ತಾಯಿ ದಾನವ್ವ ಕೋಲೂರಿಕೊಂಡು ಬರುತ್ತಿದ್ದಳು. ಎಪ್ಪತ್ತೆಂಟು ವರ್ಷ. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ. ಹಿಂದೆಯೇ ನೀರಿನ ಪೈಪು ಹಿಡಿದ ಕಾಶಪ್ಪ. ಸವದತ್ತಿ ಕಡೆಯವರು. ಇಪ್ಪತ್ತು ವರ್ಷದಿಂದ ಉದ್ಯಾನದ ಹಿಂದಿನ ಗಲ್ಲಿಯ ಚಾಳಿನಲ್ಲಿ, ಉದ್ಯಾನ ಕಮಿಟಿ ಕೊಟ್ಟ ಒಂದೇ ಖೋಲಿಯಲ್ಲಿದ್ದರು. ಇವರ ಊರು ಮಲಪ್ರಭೆಯ ದಂಡೆ ಎಂದು ತಿಳಿದೇ ನಮಿತಾ ಇಲ್ಲಿ ಡಬ್ಬಿ ಅಡಗಿಸಿದ್ದಳು. ಗುರುವಾರ ಅಜ್ಜಿಯ ಅಂಗೈಯಲ್ಲಿ ಕುದುರೆಯನ್ನಿಟ್ಟು ಕಥೆಯನ್ನೂ ಹೇಳಿದ್ದಳು.

"ನೀವು ಡಬ್ಬಿ ತೆಗೆದಿರಾ?" ಎಂದ ಪ್ರಶಾಂತ.

"ತಗದೇನಪ್ಪಾ. ಶುಕ್ಕರವಾರ ಮುಂಜಾನಿ."

"ಯಾಕೆ?"

"ಹಸದಿತ್ತಲ್ಲ ಅದು." ದಾನವ್ವ ಇದನ್ನು ಎಲ್ಲರಿಗೂ ಗೊತ್ತಿರುವ ಮಾತಿನಂತೆ ಹೇಳಿದಳು. "ಈ ಹುಡಿಗಿ ಹೇಳಿದ್ಲು, ಕುದುರಿ ಒಂಬತ್ತ ವರ್ಷದಿಂದ ನಡದೈತಿ ಅಂತ. ರಾತ್ರಿ ಹುರಳಿ ನೆನಿಹಾಕಿ ಮುಂಜಾನಿ ಅರಿವ್ಯಾಗ ಕಟ್ಟಿ ತಂದ್ಯಾ. ನಮ್ಮ ಮುತ್ಯಾನೂ ಹಂಗ ಕಟ್ಟತಿದ್ದ."

"ನಿಮ್ಮ ಅಜ್ಜ?"

"ಆ ರಿಸಾಲ್ಯಾಗ ಸವಾರ ಇದ್ದ. ಮುದುಕಾದ ಮ್ಯಾಲೂ ನಸಿಕಿನ್ಯಾಗ ಎದ್ದು ಹೊಳಿಗೆ ಹೋಗಾವ. ನಾ ಸಣ್ಣಾಕಿ, ಬೆನ್ನ ಹತ್ತಿ ಹೋಗತಿದ್ದೆ. ನೀರಾಗ ನಿಂತು ಸಿಳ್ಳಿ ಹಾಕತಿದ್ದ. ಯಾರಿಗಿ ಮುತ್ಯಾ ಅಂದ್ರ, 'ಆಚೀ ದಂಡಿಗೆ ಅದಾವ, ಮಂಜ ಸರಿದ ಮ್ಯಾಲೆ ಬರತಾವ' ಅಂತಿದ್ದ." ಅವಳ ಕಣ್ಣು ಮರಗಳ ತಲೆ ಇರಬೇಕಾದಲ್ಲಿ ನೆಟ್ಟಿತ್ತು. "ನನಗೂ ಒಮ್ಮೊಮ್ಮೆ ಗೊರಸಿನ ಸಪ್ಪಳ ಕೇಳಿದಂಗ ಆಕ್ಕಿತ್ತು."

ನೀಲಾವತಿಗೆ ಕಡಲಿನ ವಾಸನೆ ಬಂದಂತಾಯಿತು. ನೂರು ವರ್ಷದ ಹಿಂದೆ ಇದೇ ಊರಿನ ಬಂದರಿನ ಧಕ್ಕೆಯಲ್ಲಿ ಸಾಲಾಗಿ ನಿಂತ ಕುದುರೆಗಳು, ಹೊಟ್ಟೆಗೆ ಪಟ್ಟಿ ಬಿಗಿದು ಹಡಗಿಗೆ ಎತ್ತಿದಾಗ ಗಾಳಿಯಲ್ಲಿ ಕಾಲಾಡಿಸಿದ ಕುದುರೆಗಳು. ಅವುಗಳ ನಡುವೆ ಏಪ್ರನ್ ಕಟ್ಟಿಕೊಂಡ ಅವರ ತಮ್ಮ ನಿಂತು ಯಾವುದಕ್ಕೋ ಬೆಲ್ಲ ತಿನ್ನಿಸುತ್ತಿದ್ದ.

"ಮತ್ತೆ ಕುದುರೆ?" ಪ್ರಶಾಂತನ ದನಿ ಅವರನ್ನು ಎಚ್ಚರಿಸಿತು.

"ಕಾಳಿನಾಗ ಐತಲ್ಲಾ," ಎಂದಳು ದಾನವ್ವ ಬೆರಗಾಗಿ. "ಗಂಟಿನ ನಡುವ ಇಟ್ಟು ಕಟ್ಟೀನಿ. ಬಿಚ್ಚಿ ನೋಡ್ರಿ."

ಪ್ರಶಾಂತ ಗಂಟು ಬಿಚ್ಚಿದ. ಡಬ್ಬಿಯೊಳಗಿನ ಎರಡು ದಿನದ ಸೆಕೆಗೆ ಹುರಳಿ ಮೊಳೆತು, ಬೆರಳ ಗಣ್ಣಿನಷ್ಟುದ್ದದ ಬಿಳಿ ಮೊಳಕೆಗಳು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾಗಿದ್ದವು. ಬೆರಳಲ್ಲಿ ಎತ್ತಿ ಕೆಳಗೆ ನೋಡಿದ.

ಕುದುರೆ ಇರಲಿಲ್ಲ.

"ಸಾಕಲ್ಲ ನೀಲಕ್ಕ? ಶುಕ್ರವಾರ ಡಬ್ಬಿ ತೆಗೆದವರು ಇವರು. ಶನಿವಾರ ನಾನು ನೋಡಿದಾಗ ಕುದುರೆ ಇಲ್ಲ. ಕಾಳಿನ ಕಥೆ ಕಟ್ಟಿ ಕೊಟ್ಟದ್ದು ನಮಗೆ."

"ಬಾಯಿ ಸಂಬಾಳಿಸ್ರಿ," ಎಂದ ಕಾಶಪ್ಪ. ಪೈಪು ಅವನ ಕೈಯಿಂದ ಜಾರಿ ಹುಲ್ಲಿಗೆ ನೀರು ಸುರಿಯುತ್ತಿತ್ತು. "ನಮ್ಮವ್ವ ಬಿದ್ದ ಹೂವ ಸುದ್ದಾ ಕೇಳದ ಆರಿಸಂಗಿಲ್ಲ. ನಾಣ್ಯೆ ಕೂಡಸೋ ಚಾಳಿ ನಿಮ್ಮದು. ನಿನ್ನಿ ಸಂಜಿ ಡಬ್ಬಿ ಬಿಚ್ಚಿದಾವ್ರು ನೀವು."

"ನನ್ನನ್ನೇ ಕಳ್ಳ ಅಂತೀರಾ? ಹತ್ತು ಗಂಟೆಗೆ ಕಮಿಟಿಯ ಸೆಕ್ರೆಟರಿ ಬರುತ್ತಾರಲ್ಲ, ಅವರಿಗೇ ಹೇಳೋಣ."

ಆ ಮಾತಿಗೆ ಕಾಶಪ್ಪನ ಮುಖ ಬಿಳಿಚಿತು. ಸೆಕ್ರೆಟರಿಗೆ ಒಂದು ದೂರು ಸಾಕು. ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಖೋಲಿ. ದಾನವ್ವ ತೊಟ್ಟಿಯ ಅಂಚು ಹಿಡಿದು ಮೆಲ್ಲಗೆ ಕುಳಿತಳು. ಪ್ರಶಾಂತ ಹೇಳಿದ್ದು ಏನೆಂದು ಆಕೆಗೆ ಈಗ ಅರ್ಥವಾಗುತ್ತಿತ್ತು.

"ಇವ್ರು ನನಗ ಕಳ್ಳಿ ಅಂದ್ರೇನು?" ಎಂದು ಮಗನನ್ನು ಕೇಳಿದಳು.

ಕಾಶಪ್ಪ ಅವಳ ಕೋಲನ್ನು ತೆಗೆದು ತೊಟ್ಟಿಗೆ ಒರಗಿಸಿಟ್ಟ. ನಮಿತಾ ಫೋನು ನೋಡುತ್ತಿದ್ದಳು.

"ಹತ್ತಕ್ಕೆ ಇನ್ನೂ ಹೊತ್ತಿದೆ," ಎಂದರು ನೀಲಾವತಿ. "ಆ ಕಾಳು ಇಲ್ಲಿ ಕೊಡು ಪ್ರಶಾಂತ. ಎಲ್ಲರೂ ಅರ್ಧ ಗಂಟೆ ಸುಮ್ಮನಿರಿ."

ಹುರಳಿಯ ಚಾಪೆಯನ್ನು ಬಟ್ಟೆಸಹಿತ ಮಡಿಲಲ್ಲಿಟ್ಟುಕೊಂಡು ಅವರು ಬೆಂಚಿನಲ್ಲಿ ಕುಳಿತರು. ಮಂಜಿನಲ್ಲಿ ನಡೆಯಲು ಬಂದವರು ಆಕಾರ ತಳೆದು ಮತ್ತೆ ಕರಗುತ್ತಿದ್ದರು. ಮೊಳಕೆ ನೋಡುವುದು ಅವರಿಗೆ ಹೊಸದಲ್ಲ. ವಾರಕ್ಕೊಮ್ಮೆ ಹುರಳಿ ಸಾರು, ಹೆಸರಿನ ಉಸಲಿ. ಆದರೂ ಇಂದು ಅದನ್ನು ಕಾಗದ ಓದುವಂತೆ ಓದಿದರು. ಬೆರಳಿಂದ ಮೆಲ್ಲಗೆ ಚಾಪೆಯನ್ನು ಎರಡು ಪದರ ಮಾಡಿದರು. ನಡುವೆ ಒಂದು ಗುಂಡಗಿನ ಪೊಳ್ಳು ಇತ್ತು.

ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಸುಳ್ಳರನ್ನು ಗುರುತಿಸುವುದು ಅಪರಿಚಿತರ ಮಟ್ಟಿಗೆ ಸುಲಭದ ಕೆಲಸ.

"ಪ್ರಶಾಂತ, ಕುದುರೆಯ ಪುಟ ತೆಗಿ," ಎಂದು ಕರೆದರು. "ಈಗ ಅದು ಯಾರ ಕೈಯಲ್ಲಿದೆ ಅಂತ ಬರೆದಿದೆ?"

ಪ್ರಶಾಂತ ನೋಡಿದ. ಹುಬ್ಬು ಗಂಟಿಕ್ಕಿದ. "ಶೇಖರಣ್ಣನ ಹೆಸರೇ ಉಂಟು ನೀಲಕ್ಕ. ಡಬ್ಬಿಗೆ ಹಾಕಿದ್ದು ಇವಳು ಇನ್ನೂ ಬರೆದಿಲ್ಲ."

"ಮಲಪ್ರಭೆಗೆ ಮುಟ್ಟಿದ ಮೇಲೆ?"

"ಪ್ರಯಾಣ ಮುಗೀತು. ಪುಟ ಮುಚ್ಚುತ್ತಾರೆ. ಆ ವೇಲ್ಸಿನ ಅಮ್ಮನೇ ಹಾಗೆ ಬರೆದಿದ್ದಾರೆ."

ನೀಲಾವತಿ ಎದ್ದು ತೊಟ್ಟಿಯ ಬಳಿ ಬಂದರು. ನಮಿತಾಳ ಎದುರಿಗೆ ನಿಂತರು.

"ಹೇಳುವುದಿದ್ದರೆ ಈಗ ಹೇಳು ಮಗಾ."

"ನಾನೇನು ಹೇಳ್ಲಿ ಅತ್ತೆ?"

"ಸರಿ," ಎಂದರು ನೀಲಾವತಿ. "ಇವರನ್ನು ಕಳ್ಳಿ ಎಂದದ್ದು ಎಲ್ಲರ ಎದುರಿಗೆ. ಅಲ್ಲ ಎನ್ನುವುದೂ ಎಲ್ಲರ ಎದುರಿಗೇ ಆಗಬೇಕು."

ಹುರಳಿಯ ಚಾಪೆಯನ್ನು ತೊಟ್ಟಿಯ ಅಂಚಿನ ಮೇಲೆ ಇಟ್ಟು ಪದರ ಬಿಡಿಸಿದರು.

"ಎಲ್ಲರೂ ಬಂದು ನೋಡಿ. ಪ್ರಶಾಂತ, ನೀನು ಕುದುರೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿದೆ. ಕಾಳನ್ನು ನೋಡಲಿಲ್ಲ. ಈ ನಡುವಿನ ಜಾಗ ಎಷ್ಟು ಗುಂಡಗಿದೆ? ಎಷ್ಟು ದೊಡ್ಡದಿದೆ?"

"ಬಿಲ್ಲೆಯಷ್ಟೇ," ಎಂದ ಪ್ರಶಾಂತ ನಿಧಾನವಾಗಿ.

"ಅಂಚಿನ ಮೊಳಕೆಗಳು ನೋಡು, ಬಿಲ್ಲೆಯ ಸುತ್ತ ಬಳಸಿ ಬೆಳೆದಿವೆ. ಅಡಿಯವು ಒತ್ತಿ ಮಲಗಿವೆ, ಕಲ್ಲಿನ ಕೆಳಗಿನ ಹುಲ್ಲಿನ ಹಾಗೆ. ದಾನವ್ವ ಹೇಳಿದ್ದು ನಿಜ. ಕುದುರೆಯನ್ನು ಕಾಳಿನ ನಡುವೆ ಇಟ್ಟೇ ಕಟ್ಟಿದ್ದಾರೆ. ನಿನ್ನೆ ನೀನು ಬಂದಾಗ ಅದು ಈ ಗಂಟಿನ ಒಳಗೇ ಇತ್ತು. ನೀನು ಬಿಚ್ಚಲಿಲ್ಲ."

"ಮತ್ತೆ ತೆಗೆದದ್ದು ಯಾವಾಗ?"

"ಅದನ್ನೂ ಕಾಳೇ ಹೇಳುತ್ತದೆ. ಶುಕ್ರವಾರವೇ ತೆಗೆದಿದ್ದರೆ ಈ ಪೊಳ್ಳೇ ಇರುತ್ತಿರಲಿಲ್ಲ. ಆಗ ಮೊಳಕೆಯೇ ಬಂದಿರಲಿಲ್ಲ. ನಿನ್ನೆ ಸಂಜೆ ತೆಗೆದಿದ್ದರೆ, ಮುಚ್ಚಿದ ಡಬ್ಬಿಯ ಸೆಕೆಯಲ್ಲಿ ಬೆಳಗಿನ ತನಕ ಮಲಗಿದ ಮೊಳಕೆ ತಲೆಯೆತ್ತಿ ಜಾಗ ತುಂಬಿಬಿಡುತ್ತಿತ್ತು. ಇಲ್ಲಿ ಒಂದೂ ತಲೆಯೆತ್ತಿಲ್ಲ. ನಾವು ನೋಡುವ ಸ್ವಲ್ಪ ಮೊದಲಷ್ಟೇ ಕುದುರೆ ಎದ್ದುಹೋಗಿದೆ. ಇವತ್ತು ಬೆಳಿಗ್ಗೆ."

"ಮುಂಜಾನಿ ನಾವು..." ಎಂದು ಕಾಶಪ್ಪ ತೊಡರಿದ.

"ನೀವಲ್ಲ. ಗೇಟಿನಲ್ಲಿ ನೀವೇ ಹೇಳಿದಿರಿ, ನಿನ್ನೆ ಮಧ್ಯಾಹ್ನದಿಂದ ನೀವಿಬ್ಬರೂ ಕಲ್ಯಾಣದಲ್ಲಿ ನೆಂಟರ ಮನೆಯಲ್ಲಿದ್ದಿರಿ. ಬದಲಿ ವಾಚ್‌ಮನ್ ರಾತ್ರಿ ಎಂಟಕ್ಕೆ ಬೀಗ ಹಾಕಿ ಹೋಗಿದ್ದಾನೆ. ಇವತ್ತು ಆರೂ ಮುಕ್ಕಾಲಿಗೆ ನೀವು ಚೀಲ ಹೊತ್ತು ಬಂದು ಬೀಗ ತೆಗೆದಾಗ ಗೇಟಿನಲ್ಲಿ ಕಾಯುತ್ತಿದ್ದವಳು ನಾನೊಬ್ಬಳೇ. ದಾನವ್ವ ಗೇಟಿನ ಬಳಿಯೇ ಕುಳಿತರು. ನೀವು ಪೈಪು ತರಲು ಹಿಂದಕ್ಕೆ ಹೋದಿರಿ. ನಾನು ಆ ಬೆಂಚಿಗೆ ಬಂದೆ. ಅಲ್ಲಿಂದ ತೊಟ್ಟಿ ಕಾಣುತ್ತದೆ. ಅದರ ಹತ್ತಿರ ಹೋದವರು ಒಬ್ಬರೇ."

ಯಾರೂ ನಮಿತಾಳನ್ನು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

"ಬಿಲ್ಲೆ ಕೈಗೆ ಹೇಗಿತ್ತು ಅಂತ ನಾನು ಕೇಳಿದೆ," ಎಂದರು ನೀಲಾವತಿ. ದನಿ ತಗ್ಗಿತ್ತು. "ನೀನು ತಣ್ಣಗಿತ್ತು, ಒದ್ದೆಯಾಗಿತ್ತು ಅಂದೆ. ಗುರುವಾರ ನೀನು ಇಟ್ಟದ್ದು ಮಟಮಟ ಮಧ್ಯಾಹ್ನ, ಒಣ ಕಲ್ಲಿನ ಮೇಲೆ. ಫೋಟೋದಲ್ಲೇ ಬಿಸಿಲಿದೆ. ಕೈ ಸುಡುವಷ್ಟು ಕಾದಿರಬೇಕು. ಒದ್ದೆ ಆದದ್ದು ಹುರಳಿಯ ಒಳಗೆ. ಹುರಳಿಯಿಂದ ಅದನ್ನು ತೆಗೆದ ಕೈ ಮಾತ್ರ ಹಾಗೆ ಹೇಳಲು ಸಾಧ್ಯ. ಕುದುರೆಯನ್ನು ತೆಗೆದದ್ದು ನಮಿತಾ."

ಮರದ ಮೇಲಿಂದ ಮಂಜಿನ ಹನಿಗಳು ಎಲೆಯಿಂದ ಎಲೆಗೆ ಬಿದ್ದವು. ನಮಿತಾ ಬೆನ್ನಿನ ಚೀಲವನ್ನು ಇಳಿಸಿದಳು. ಒಳಗಿಂದ ಕಂದು ಬಣ್ಣದ ಕನ್ನಡಕದ ಪೆಟ್ಟಿಗೆಯೊಂದನ್ನು ತೆಗೆದಳು. ಅದು ಶೇಖರನದೆಂದು ನೀಲಾವತಿಗೆ ಗೊತ್ತಾಯಿತು. ಅದರೊಳಗೆ, ಕನ್ನಡಕದ ಪಕ್ಕ, ಒಂದು ಕಾಳಿನ ಸಿಪ್ಪೆ ಅಂಟಿಸಿಕೊಂಡು ಕುದುರೆ ಮಲಗಿತ್ತು.

"ಪ್ಲಾನ್ ಮಾಡಿರ್ಲಿಲ್ಲ ಅತ್ತೆ," ಎಂದಳು. "ಪ್ರಶಾಂತನ ಮೆಸೇಜ್ ನೋಡಿ ಡರ್ ಆಯ್ತು, ಸಚ್ಚಿ ಹೋಯ್ತು ಅಂತ. ಇವತ್ತು ಬಂದವಳೇ ಸೀದಾ ತೊಟ್ಟಿಗೆ ಹೋದೆ. ನಿಮ್ಗೆ ಬೆನ್ನು ಮಾಡಿ ಗಂಟು ಬಿಚ್ಚಿದ್ರೆ ಒಳಗೆ ಇತ್ತು. ಆಗ... ಎಲ್ಲರಿಗೂ ಅದು ಆಲ್‌ರೆಡಿ ಕಳೆದುಹೋಗಿದೆ, ಅಲ್ವಾ? ಕಳೆದದ್ದು ಆದ್ರೆ ಪೇಜ್ ಬಂದ್ ಆಗೋದಿಲ್ಲ. ಪಪ್ಪನ ಹೆಸರು ಅಲ್ಲೇ ಇರ್ತದೆ. ಈಗ ಇವರ ಹತ್ರ ಉಂಟು ಅಂತ." ಸ್ವಲ್ಪ ತಡೆದು ಮುಂದುವರಿಸಿದಳು. "ಬೇರೆ ಎಲ್ಲಾ ಕಡೆ ಇದ್ದರು ಅಂತ ಬರೀತಾರೆ. ಬ್ಯಾಂಕಲ್ಲಿ, ರೇಷನ್ ಕಾರ್ಡಲ್ಲಿ. ಅಲ್ಲಿ ಒಂದೇ ಕಡೆ ಇದ್ದಾರೆ ಅಂತ ಉಂಟು."

ನೀಲಾವತಿ ತಮ್ಮನ ಕನ್ನಡಕದ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿದರು. ಆದರೂ ಬಿಡಲಿಲ್ಲ. "ಅದು ನನಗೆ ಅರ್ಥವಾಗುತ್ತದೆ. ದಾನವ್ವನನ್ನು ಕಳ್ಳಿ ಅಂದಾಗ ಸುಮ್ಮನೆ ನಿಂತೆಯಲ್ಲ, ಅದು ಅರ್ಥವಾಗುವುದಿಲ್ಲ."

"ಹೇಳ್ಬೇಕು ಅಂತ ಬಾಯಿ ತನಕ ಬಂತು. ಆಮೇಲೆ... ತಡ ಆಗಿಬಿಟ್ಟಿತು."

"ತಡ ಅಲ್ರೀ," ಎಂದ ಕಾಶಪ್ಪ. "ಅರ್ಧ ತಾಸು ನಮ್ಮವ್ವ ಈ ಕಲ್ಲಿನ ಮ್ಯಾಲೆ ತಲಿ ಬಗ್ಗಿಸಿ ಕುಂತಿದ್ಲು. ಎಪ್ಪತ್ತೆಂಟು ವರ್ಷದಾಗ ಆಕಿ ಒಮ್ಮೆನೂ ಹಂಗ ಕುಂತಿಲ್ಲ. ನಾ ಇದನ್ನ ಮರಿಯಂಗಿಲ್ಲ." ಅವನು ಪೈಪು ಎತ್ತಿಕೊಂಡು ದಾಸವಾಳದ ಸಾಲಿನ ಕಡೆ ಹೊರಟುಹೋದ. ಹಿಂದಿರುಗಿ ನೋಡಲಿಲ್ಲ.

ನಮಿತಾ ದಾನವ್ವನ ಎದುರು ನೆಲದ ಮೇಲೆ ಕುಳಿತಳು. ಕನ್ನಡ ಸಿಗಲಿಲ್ಲ. ಹಿಂದಿಯೂ ಸಿಗಲಿಲ್ಲ. ಕುದುರೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಮಡಿಸಿದಳು.

"ನಿಮ್ಮಪ್ಪ ಇದನ್ನ ಎಲ್ಲಿಂದ ತಂದ?" ಎಂದು ದಾನವ್ವ ಕೇಳಿದಳು.

"ಆಫ್ರಿಕಾದಿಂದ. ಹಡಗಲ್ಲಿ."

"ಹಡಗಿನ್ಯಾಗ?" ದಾನವ್ವ ಬೆರಳು ಬಿಡಿಸಿ ಕುದುರೆಯನ್ನು ನೋಡಿದಳು. "ಜಾಗಾ ಇಲ್ಲಂತ ಬಿಟ್ಟ ಬಂದ್ರು ಅಂತಿದ್ದ ನಮ್ಮ ಮುತ್ಯಾ. ಸಾಯೂತನಾ ಅದನ್ನ ಅಂತಿದ್ದ. ನಿಮ್ಮಪ್ಪ ಹಂಗಾರ ಹಡಗಿನ್ಯಾಗ ಅದಕ್ಕ ಜಾಗಾ ಕೊಟ್ಟ."

ನಮಿತಾ ಅಳತೊಡಗಿದ್ದು ಆಗ. ಅಪ್ಪ ಹೋದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ದಾನವ್ವ ಅವಳನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಒಂದು ಕೈ ಅವಳ ತಲೆಯ ಮೇಲೆ ಸುಮ್ಮನೆ ಇತ್ತು, ಇನ್ನೊಂದು ಕೈ ಮುಷ್ಟಿ ಬಿಗಿದಿತ್ತು.

ಪ್ರಶಾಂತ ಚಪ್ಪಲಿಯ ತುದಿಯಿಂದ ಹುಲ್ಲು ಕೆದಕುತ್ತಿದ್ದ. "ನನ್ನ ಕಾರಲ್ಲಿ ಎರಡು ಸೀಟು ಖಾಲಿ ಉಂಟು," ಎಂದ ಕೊನೆಗೆ. "ಸವದತ್ತಿ ಏನು ದೂರದ ಸುತ್ತಲ್ಲ. ಅಜ್ಜಿ ಬಂದರೆ... ನಾನು ಅಂದದ್ದು ತಪ್ಪು ಅಜ್ಜಿ."

"ಆ ಫೋನಿನ್ಯಾಗ ಮುಂದ ಯಾರ ಹೆಸರು ಬರತೈತಿ?" ಎಂದು ದಾನವ್ವ ಕೇಳಿದಳು.

"ನಿಮ್ಮದು," ಎಂದಳು ನಮಿತಾ ಮೂಗೊರೆಸಿಕೊಂಡು. "ನಾನು ಬರೀತೇನೆ. ಪಪ್ಪನ ಹೆಸರು ಅದರ ಮೇಲಿನ ಲೈನಲ್ಲಿ ಇರ್ತದೆ."

ಅವಳು ಅಲ್ಲೇ ಕುಳಿತು ಬರೆದಳು. ಒಂದೊಂದು ಕಾಗುಣಿತಕ್ಕೂ ಅತ್ತೆಯನ್ನು ಕೇಳಿದಳು. ಕಮಿಟಿಯ ಸೆಕ್ರೆಟರಿ ಹತ್ತಕ್ಕೆ ಬಂದು, ಒಂದು ಸುತ್ತು ಹಾಕಿ, ಹುಲ್ಲಿಗೆ ನೀರು ಹೆಚ್ಚಾಗಿದೆ ಎಂದು ಕಾಶಪ್ಪನಿಗೆ ಹೇಳಿ ಹೋದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನೀಲಾವತಿಯ ಫೋನು ರಿಂಗಣಿಸಿತು. ಮೊದಲು ಗಾಳಿಯ ಸದ್ದು, ಆಮೇಲೆ ನೀರಿನದು, ದೂರದಲ್ಲಿ ಯಾರೋ ಎಮ್ಮೆ ತೊಳೆಯುತ್ತ ಗದರುತ್ತಿದ್ದರು.

"ಅತ್ತೆ, ಅಜ್ಜಿ ಮೊಣಕಾಲು ತನಕ ನೀರಲ್ಲಿ ನಿಂತಿದ್ದಾರೆ. ಕುದುರೆಯ ಮುಖ ನೀರಿಗೆ ಹಿಡಿದಿದ್ದಾರೆ. ಅರ್ಧ ಗಂಟೆ ಆಯ್ತು, ಮೇಲೆ ಬರ್ತಾ ಇಲ್ಲ. ಪ್ರಶಾಂತನಿಗೆ ಮದುವೆಗೆ ಲೇಟ್ ಆಗ್ತದೆ. ಎಷ್ಟು ಹೊತ್ತು ಬಿಡ್ಬೇಕು?"

ನೀಲಾವತಿ ಕಿಟಕಿಯ ಆಚೆ ನೋಡಿದರು.

"ನೀನೂ ನೀರಿಗಿಳಿ," ಎಂದರು. "ಅವರ ರಟ್ಟೆ ಹಿಡಿದುಕೋ. ಕಾಲು ಜಾರೀತು."